ಅಕ್ಷರವೋ, ಅಕ್ಷರದ ಚಿತ್ರವೋ? ಗಣಕ ಕನ್ನಡದ ಒಂದು ದುಬಾರಿ ನಿರ್ಧಾರದ ಇತಿಹಾಸ

ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಈ ತಾಣದಲ್ಲಿ ಪ್ರಕಟಿಸಲು ಸ್ವಯಂಸೇವಕರು ಹೊರಟಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹಿರಿಯ ಸದಸ್ಯರೊಬ್ಬರು ದುಬೈಯಲ್ಲಿ ಕಳೆದ ತಮ್ಮ ಮೊದಲ ಬೇಸಗೆಯನ್ನು ಕುರಿತು ಬರೆದ ಲೇಖನವೊಂದು ಸಿ.ಡಿ.ಯಲ್ಲಿ ಭದ್ರವಾಗಿತ್ತು. ಕಡತ ತೆರೆಯಿತು, ಆದರೆ ಅದರೊಳಗೆ ಕನ್ನಡವೇ ಇರಲಿಲ್ಲ. ‘ಕನ್ನಡ’ ಎಂಬ ಪದವಿರಬೇಕಾದ ಕಡೆಯಲ್ಲಿ ಇಂಗ್ಲಿಷಿನ ಪಿ ಅಕ್ಷರ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಪುನಃ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಅದೇ ಎ, ಹೀಗೆ ಏಳು ಚಿಹ್ನೆಗಳು ಸಾಲಾಗಿ ನಿಂತಿದ್ದವು. ಬರೆದವರು ಇಂದು ನಮ್ಮೊಡನಿಲ್ಲ. ಅವರು ಬರೆದದ್ದಾದರೂ ಉಳಿದಿದೆಯೇ ಎಂಬ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು.

ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆಗಳು ಮಾತ್ರ. ಲಿಪಿಯೊಂದನ್ನು ಅದರಲ್ಲಿ ಸಂಗ್ರಹಿಸಲು ಎರಡು ದಾರಿಗಳಿವೆ. ಒಂದು, ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು, ಅದನ್ನು ತೆರೆಯ ಮೇಲೆ ಹೇಗೆ ಬರೆಯಬೇಕೆಂಬ ಹೊಣೆಯನ್ನು ಯಂತ್ರಕ್ಕೇ ಬಿಡುವುದು. ಇನ್ನೊಂದು, ತೆರೆಯ ಮೇಲೆ ಕಾಣುವ ಆಕಾರದ ಚೂರುಗಳಿಗೇ ಸಂಖ್ಯೆ ಕೊಡುವುದು.

ನಾವು ನೆಲೆಸಿರುವ ಈ ನಾಡಿನ ಭಾಷೆಯೂ ಇದೇ ಕವಲುದಾರಿಯಲ್ಲಿ ನಿಂತಿತ್ತು. ಅರಬ್ಬಿಯ ಬಹುತೇಕ ಅಕ್ಷರಗಳು ಪದದ ಆದಿಯಲ್ಲಿ, ನಡುವಿನಲ್ಲಿ, ಅಂತ್ಯದಲ್ಲಿ ಮತ್ತು ಒಂಟಿಯಾಗಿ ನಿಂತಾಗ ಬೇರೆ ಬೇರೆ ರೂಪ ತಾಳುತ್ತವೆ. ಆದರೂ ಅರಬ್ ರಾಷ್ಟ್ರಗಳ ಮಾನಕ ಸಂಸ್ಥೆಯು 1980ರ ದಶಕದಲ್ಲಿ ಮೊದಲ ದಾರಿಯನ್ನೇ ಆರಿಸಿಕೊಂಡಿತು: ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ, ರೂಪ ಬದಲಿಸುವುದು ಯಂತ್ರದ ಕೆಲಸ. 1987ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ಭಾರತಕ್ಕೆ ಈ ತತ್ತ್ವ ತಿಳಿದಿರಲಿಲ್ಲವೆಂದಲ್ಲ. ಭಾರತೀಯ ಲಿಪಿಗಳಿಗಾಗಿ ರೂಪಿಸಿದ ‘ಇಸ್ಕಿ’ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು. ಅದೂ ಅಕ್ಷರಕ್ಕೆ ಸಂಖ್ಯೆ ಕೊಡುವ ಕ್ರಮವೇ. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವೇ ದೊರೆತಿತ್ತು.

ಹಾಗಿದ್ದೂ ಕನ್ನಡ ಎರಡನೆಯ ದಾರಿ ಹಿಡಿದದ್ದೇಕೆ? ಕಾರಣ ಸರಳ. ಅಂದು ಮನೆ, ಕಚೇರಿ, ಮುದ್ರಣಾಲಯಗಳಲ್ಲಿದ್ದ ವಿಂಡೋಸ್ 95 ಮತ್ತು 98ಕ್ಕೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನು ಜೋಡಿಸುವ ವಿದ್ಯೆ ತಿಳಿದಿರಲಿಲ್ಲ. ಕೆಲಸವೋ ನಿಲ್ಲುವಂತಿರಲಿಲ್ಲ. ಆದ್ದರಿಂದ ತಂತ್ರಜ್ಞರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ಆಕಾರದ ಚೂರುಗಳನ್ನು ಕೂರಿಸಿದ ಫಾಂಟುಗಳನ್ನು ರಚಿಸಿದರು. ಮೇಲೆ ಹೇಳಿದ ಏಳು ಚಿಹ್ನೆಗಳ ರಹಸ್ಯ ಇದೇ. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಮೂರು ಸಲ ಬಂದ ಎ ಎಂದರೆ ತಲೆಕಟ್ಟು. ಪೌಂಡ್ ಚಿಹ್ನೆ ನಕಾರದ ಒಡಲು. ಜರ್ಮನ್ ಅಕ್ಷರ ನಕಾರದ ಒತ್ತು. ಕ್ಯೂ ಡಕಾರದ ಒಡಲು. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಗೊಂದಲ. ಯಂತ್ರದ ಪಾಲಿಗಂತೂ ಅದು ಎಂದೂ ಕನ್ನಡವಾಗಿರಲೇ ಇಲ್ಲ.

ಈ ಉಪಾಯ ಮಾಡಿದವರನ್ನು ದೂಷಿಸುವುದು ಕೃತಘ್ನತೆಯಾದೀತು. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವ ಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತು. ಹೊರನಾಡಿನ ಎಷ್ಟೋ ಮನೆಗಳಲ್ಲಿ ಗಣಕದ ತೆರೆಯ ಮೇಲೆ ಮೊದಲ ಬಾರಿಗೆ ಕನ್ನಡ ಮೂಡಿದ್ದು ಅದರಿಂದಲೇ. ಒಬ್ಬೊಬ್ಬ ಮಾರಾಟಗಾರನದು ಒಂದೊಂದು ಸಂಕೇತಕ್ರಮವಾಗಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದ ಸ್ಥಿತಿಯಿದ್ದಾಗ ಕರ್ನಾಟಕ ಸರ್ಕಾರ ಆಕಾರದ ಚೂರುಗಳಿಗೆ ಏಕರೂಪದ ಮಾನಕವನ್ನು ಗೊತ್ತುಪಡಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದರಂತೆ ಸಿದ್ಧವಾಗಿ ಕಚೇರಿ ಕಚೇರಿಗೂ ತಲುಪಿತು. ಆ ಗಳಿಗೆಗೆ ಅದು ನಿಜವಾದ ಪರಿಹಾರವೇ ಆಗಿತ್ತು.

ಬೆಲೆ ತೆರಬೇಕಾಗಿ ಬಂದದ್ದು ಆಮೇಲೆ. ಹೀಗೆ ಸಂಗ್ರಹಿಸಿದ ಬರೆಹವನ್ನು ಅಂತರಜಾಲದ ಶೋಧಕ ಕನ್ನಡವೆಂದು ಗುರುತಿಸಲಾರದು. ಅಕಾರಾದಿಯಾಗಿ ಹೆಸರುಗಳನ್ನು ಜೋಡಿಸಹೋದರೆ ಚೂರುಗಳ ಸಂಖ್ಯೆಯ ಕ್ರಮದಲ್ಲಿ ಅವು ಚದುರುತ್ತವೆ. ಕಾಗುಣಿತ ತಿದ್ದುವುದಕ್ಕಾಗಲಿ, ದೃಷ್ಟಿಹೀನರಿಗಾಗಿ ಗಟ್ಟಿಯಾಗಿ ಓದುವುದಕ್ಕಾಗಲಿ ಯಂತ್ರಕ್ಕೆ ಸಾಧ್ಯವಿಲ್ಲ. ಪರಿವರ್ತಿಸುವುದೂ ಸುಲಭವಲ್ಲ. ‘ಸೂರ್ಯ’ ಎಂಬ ಪದದ ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಅನಂತರ. ಬರೆವಣಿಗೆಯಲ್ಲಿ ಯಕಾರದ ಬಲಕ್ಕೆ ಅರ್ಕಾವೊತ್ತು ಬರುತ್ತದೆ. ಹಳೆಯ ಕಡತ ಕಣ್ಣಿಗೆ ಕಂಡ ಕ್ರಮವನ್ನು ಇಟ್ಟುಕೊಂಡರೆ ಯೂನಿಕೋಡ್ ಉಚ್ಚಾರದ ಕ್ರಮವನ್ನು ಇಟ್ಟುಕೊಳ್ಳುತ್ತದೆ. ಪರಿವರ್ತಕ ತಂತ್ರಾಂಶ ಪದಪದದಲ್ಲೂ ಇದನ್ನು ಹಿಂದುಮುಂದು ಮಾಡಬೇಕು. ನಡುವೆ ಒಂದು ಇಂಗ್ಲಿಷ್ ಹೆಸರಿದ್ದರೆ ಅದನ್ನೂ ಕನ್ನಡದ ಚೂರುಗಳೆಂದು ಭ್ರಮಿಸಿ ಕೆಡಿಸಿಬಿಡುತ್ತದೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಕನ್ನಡದ ಯೂನಿಕೋಡನ್ನು ಬೆಂಬಲಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲೇ ಆರಂಭವಾಯಿತು. ಬಾಗಿಲು ತೆರೆದಿತ್ತು; ಆದರೂ ಬಹುಮಂದಿ ಹಳೆಯ ಮನೆಯಲ್ಲೇ ಉಳಿದರು. ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಕಚೇರಿಗಳಲ್ಲಿ ಹಳೆಯ ಕಡತಗಳ ರಾಶಿಯಿತ್ತು. ಬೆರಳಚ್ಚುಗಾರರ ರೂಢಿಯೂ ಗಟ್ಟಿಯಾಗಿತ್ತು. ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಅಪ್ಪಿಕೊಂಡದ್ದು ಅದರ ಮುಂದಿನ ದಶಕದಲ್ಲಿ. ಅಷ್ಟರಲ್ಲಿ ಪ್ರತಿವರ್ಷವೂ ಪರಿವರ್ತಿಸಬೇಕಾದ ರಾಶಿ ಬೆಳೆಯುತ್ತಲೇ ಹೋಗಿತ್ತು. ನನ್ನ ದೃಷ್ಟಿಯಲ್ಲಿ ದುಬಾರಿಯಾದ ನಿರ್ಧಾರ ಇದು. ಉಪಾಯವನ್ನು ಹೂಡಿದ್ದಕ್ಕಿಂತ, ಅದರ ಅಗತ್ಯ ಮುಗಿದ ಮೇಲೂ ಅದನ್ನು ಕೈಬಿಡದೆ ಹೋದದ್ದಕ್ಕೇ ನಾವು ಹೆಚ್ಚು ತೆತ್ತಿದ್ದೇವೆ.

ಇಲ್ಲಿ ಇತಿಹಾಸದ ಒಂದು ವ್ಯಂಗ್ಯವಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ತಂತ್ರಜ್ಞರು ‘ವೈ ಟು ಕೆ’ ತೊಡಕನ್ನು ಬಿಡಿಸುವ ಕೆಲಸದಲ್ಲಿ ಹಗಲಿರುಳು ತೊಡಗಿದ್ದರು. ಹಿಂದಿನ ತಲೆಮಾರಿನವರು ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆದಿಟ್ಟದ್ದರಿಂದ ಹುಟ್ಟಿದ ಸಾಲವದು. ಪರದೇಶದ ಹಳೆಯ ಸಾಲವನ್ನು ನಮ್ಮ ಊರಿನ ಜನ ತೀರಿಸುತ್ತಿದ್ದ ಅದೇ ವರ್ಷಗಳಲ್ಲಿ, ನಮ್ಮದೇ ನುಡಿಯ ಲೆಕ್ಕದಲ್ಲಿ ಹೊಸ ಸಾಲ ಬೆಳೆಯುತ್ತಿತ್ತು.

ಆದರೆ ಅದೇ ಕಾಲದ ಇನ್ನೊಂದು ನಿರ್ಧಾರ ಇಂದಿಗೂ ಫಲ ಕೊಡುತ್ತಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷಿನ 26 ಕೀಲಿಗಳಲ್ಲೇ, ಉಚ್ಚಾರವನ್ನು ಅನುಸರಿಸಿ, ಇಡೀ ಕನ್ನಡವನ್ನು ಬರೆಯಿಸುತ್ತದೆ. ಬರೆಯುವವನ ಬೆರಳು ಅಕ್ಷರವನ್ನು ಹೇಳುತ್ತದೆ. ಅದು ಒಳಗೆ ಹೇಗೆ ಸಂಗ್ರಹವಾಗಬೇಕೆಂಬುದಕ್ಕೂ ಬೆರಳಿಗೂ ಸಂಬಂಧವಿಲ್ಲ. ಆದ್ದರಿಂದಲೇ ಸಂಗ್ರಹದ ಕ್ರಮ ಬದಲಾದರೂ ಕೀಲಿಮಣೆ ಬದಲಾಗಲಿಲ್ಲ. ಅಕ್ಷರವನ್ನು ನೆಚ್ಚಿದ್ದು ಉಳಿಯಿತು. ಆಕಾರವನ್ನು ನೆಚ್ಚಿದ್ದು ಅಳಿಯುತ್ತಿದೆ.

ದುಬೈ, ಅಬುಧಾಬಿಗಳ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವ ನಮ್ಮ ಅನೇಕ ಸದಸ್ಯರಿಗೆ ಈ ಕಥೆ ಪರಿಚಿತವೆನಿಸೀತು. ಗಡುವಿನ ಒತ್ತಡದಲ್ಲಿ ತಾತ್ಕಾಲಿಕ ಉಪಾಯ ಮಾಡದವರು ಯಾರಿದ್ದಾರೆ? ಮಾಡಲಿ, ಆದರೆ ಅದು ತಾತ್ಕಾಲಿಕವೆಂದು ಬರೆದಿಡಲಿ, ಯಾವ ಸ್ಥಿತಿ ಬಂದಾಗ ಅದನ್ನು ಕೈಬಿಡಬೇಕೆಂಬುದನ್ನೂ ಜೊತೆಯಲ್ಲೇ ನಮೂದಿಸಲಿ. ತೋರುವ ರೂಪವನ್ನೂ ಉಳಿಯಬೇಕಾದ ಮಾಹಿತಿಯನ್ನೂ ಒಂದೇ ಗಂಟಿನಲ್ಲಿ ಕಟ್ಟದಿರಲಿ.

ನಮ್ಮ ಹಿರಿಯರ ಆ ಲೇಖನ ಈಗ ಓದಲು ಬರುತ್ತಿದೆ. ಪರಿವರ್ತಕ ತಂತ್ರಾಂಶ ಬಹುಪಾಲನ್ನು ಬಿಡಿಸಿತು. ಉಳಿದ ತಪ್ಪುಗಳನ್ನು ಹಳೆಯ ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದಲು ಇಬ್ಬರಿಗೆ ಮೂರು ಸಂಜೆ ಬೇಕಾದವು. ನಿಮ್ಮ ಮನೆಯ ಹಳೆಯ ಗಣಕದಲ್ಲಿಯೂ ತಂದೆಯವರ ನೆನಪುಗಳೋ, ಅಜ್ಜಿ ಹೇಳಿ ಬರೆಸಿದ ಹಾಡುಗಳೋ ಇಂಥ ಚಿಹ್ನೆಗಳ ವೇಷದಲ್ಲಿ ಮಲಗಿರಬಹುದು. ಕಡತ ಕೆಟ್ಟಿದೆಯೆಂದು ಅಳಿಸಬೇಡಿ. ಮೂಲದ ಪ್ರತಿಯನ್ನು ಹಾಗೆಯೇ ಇಟ್ಟುಕೊಂಡು ಯೂನಿಕೋಡಿಗೆ ಪರಿವರ್ತಿಸಿ, ಮೂಲ ಬರೆಹವನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಮುಂದೆ ಒಮ್ಮೆ ಗಟ್ಟಿಯಾಗಿ ಓದಿ ತಿದ್ದಿಕೊಳ್ಳಿ. ಅರ್ಕಾವೊತ್ತಿನ ತಪ್ಪನ್ನು ಯಂತ್ರ ಮುಂದೆಯೂ ತಿದ್ದೀತು. ಊರಿನ ಹೆಸರು, ನೆಂಟರ ಹೆಸರು ತಪ್ಪಿದ್ದರೆ ಅದನ್ನು ಹೇಳಬಲ್ಲವರು ಅವರು ಮಾತ್ರ.