ಬಿಸಿಯನ್ನು ಆಳಿದ ಬಗೆ

ಯಂತ್ರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಲದ ಚರಿತ್ರೆಯೆಂದೇ ಓದುತ್ತೇವೆ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಎಂದು ಕೇಳುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಚರಿತ್ರೆ ಸಾಗಿಬಂದಿದೆ. ಅದು ಬಿಸಿಯ ಚರಿತ್ರೆ. ಎಂಜಿನಿನಲ್ಲಿ ಉರಿದ ಎಣ್ಣೆಯ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಕೆಲಸವಾಗಿ ನಮಗೆ ದಕ್ಕುತ್ತದೆ. ಇನ್ನೊಂದು ಪಾಲನ್ನು ತಂಪಿನ ನೀರು ಹೊತ್ತೊಯ್ಯುತ್ತದೆ; ಉಳಿದದ್ದು ಹೊಗೆಯೊಡನೆ ಗಾಳಿಗೆ ಸೇರುತ್ತದೆ. ದಕ್ಕದ ಈ ಎರಡು ಪಾಲನ್ನು ಏನು ಮಾಡಬೇಕೆಂಬುದೇ ಆ ಚರಿತ್ರೆಯ ತಿರುಳು.

ಈ ವಿಚಾರವನ್ನು ಅರಿಯಲು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗಿಂತ ತಕ್ಕ ಪಾಠಶಾಲೆ ಬೇಕಿಲ್ಲ. ಇದು ಕೃಷ್ಣೆಯೂ ಅವಳ ಉಪನದಿಗಳೂ ಹರಿಯುವ ನಾಡು, ಕಬ್ಬಿನ ನಾಡು. ಆಲೆಮನೆಯ ಒಲೆಗೆ ರಸ ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಉರುವಲಾಗಿ ಒಡ್ಡುವ ಜಾಣತನ ಇಲ್ಲಿಯ ರೈತನಿಗೆ ಹಿಂದಿನಿಂದಲೂ ಗೊತ್ತು. ಹೊಲಕ್ಕೆ ನೀರೆತ್ತುವ ಯಂತ್ರದ ಕಥೆಯೂ ಈ ಮಣ್ಣಿಗೆ ದೂರದ್ದಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನವರೆಗೆ ನಡೆದವರು. 1910ರಲ್ಲಿ ಅವರ ಉದ್ಯಮ ಔಂಧ ಸಂಸ್ಥಾನದ ಕುಂಡಲ್‌ಗೆ ಸ್ಥಳಾಂತರಗೊಂಡು ಕಿರ್ಲೋಸ್ಕರವಾಡಿಯಾಯಿತು. 1946ರಲ್ಲಿ ಪುಣೆಯಲ್ಲಿ ಅದೇ ಮನೆತನದ ಆಯಿಲ್ ಎಂಜಿನ್ ಸಂಸ್ಥೆ ಹುಟ್ಟಿತು.

ನೀರೆತ್ತುವ ಆ ಎಂಜಿನಿನ ತಂಪಿನ ಏರ್ಪಾಡು ಅತ್ಯಂತ ಸರಳ. ತಾನು ಮೇಲೆತ್ತಿದ ನೀರಿನಲ್ಲೇ ಒಂದಿಷ್ಟನ್ನು ಸಿಲಿಂಡರಿನ ಸುತ್ತ ಹಾಯಿಸಿ ಕಾಲುವೆಗೆ ಬಿಟ್ಟರೆ ಮುಗಿಯಿತು. ಬಾವಿ ಇರುವವರೆಗೆ ತಂಪಿಗೆ ಬರವಿಲ್ಲ. ಆದರೆ ಚಕ್ರಗಳ ಮೇಲೆ ಓಡುವ ಎಂಜಿನಿಗೆ ಬಾವಿ ಎಲ್ಲಿಂದ ಬರಬೇಕು? ಅದು ತನ್ನ ನೀರನ್ನು ತಾನೇ ಹೊತ್ತು, ಎದುರಿನ ಗಾಳಿಗೆ ಒಡ್ಡಿ, ಆರಿಸಿ ಮತ್ತೆ ಬಳಸಬೇಕು. ನಿಪ್ಪಾಣಿಯ ಬಳಿಯ ತವಂದಿ ಘಾಟಿನಂಥ ಏರಿನಲ್ಲಿ ಈ ಏರ್ಪಾಡಿನ ಮಿತಿ ಬಯಲಾಗುತ್ತದೆ. ಭಾರ ಹೊತ್ತ ಲಾರಿ ಅತಿ ಹೆಚ್ಚು ದುಡಿಯುವ ಹೊತ್ತಿಗೇ ಅದರ ವೇಗ ಅತಿ ಕಡಿಮೆ. ರೇಡಿಯೇಟರಿಗೆ ತಾಗುವ ಗಾಳಿಯೂ ಅಷ್ಟೇ ಕಡಿಮೆ.

ಹೊಗೆಯೊಡನೆ ಪೋಲಾಗುವ ಪಾಲಿನ ಮೇಲೆ ಕಣ್ಣಿಟ್ಟವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿ. ಹೊರಹೋಗುವ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮೇಲಿನ ಇನ್ನೊಂದು ಚಕ್ರದಿಂದ ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಅವನು 1905ರಲ್ಲಿ ಪೇಟೆಂಟ್ ಪಡೆದ. ಇದೇ ಟರ್ಬೋ. ಆಲೆಮನೆಯ ಸಿಪ್ಪೆಯಂತೆ ಇಲ್ಲಿಯೂ ಕಸವೇ ಕಸುವಾಯಿತು. ಆದರೆ ಈ ಕಸುವು ಪುಕ್ಕಟೆಯಾಗಿ ಬರಲಿಲ್ಲ. ಒತ್ತಿದ ಗಾಳಿ ತಾನೇ ಕಾಯುತ್ತದೆ. 1962ರಲ್ಲಿ ಅಮೆರಿಕದಲ್ಲಿ ಹೊರಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಆ ಕಾವನ್ನು ತಣಿಸಲು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಒಳಗೆ ಸಿಂಪಡಿಸುತ್ತಿದ್ದರು. ಅದನ್ನು ತುಂಬಿಸಲು ಅನೇಕ ಮಾಲೀಕರು ಮರೆತರು. 1963ರ ಬಳಿಕ ಕಾರೇ ನಿಂತುಹೋಯಿತು. ಒಡೆಯನ ನೆನಪನ್ನು ನಂಬಿದ ತಂಪು ಬಾಳಲಿಲ್ಲ. ಮುಂದೆ ಆ ಕೆಲಸವನ್ನು ಇಂಟರ್‌ಕೂಲರ್ ವಹಿಸಿಕೊಂಡಿತು. ಬಿಸಿ ಗಾಳಿಯನ್ನು ಸಣ್ಣ ರೇಡಿಯೇಟರಿನಲ್ಲಿ ಹಾಯಿಸಿ ತಣಿಸುವುದೇ ಅದರ ಧರ್ಮ.

ಇಂದು ಈ ಸಮಸ್ಯೆ ನಮ್ಮೂರುಗಳ ಬೀದಿಗೇ ಬಂದಿದೆ. 2020ರ ಏಪ್ರಿಲಿನಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮದ ಕಾಲದಲ್ಲಿ, ಹೊಗೆಯನ್ನು ಶುದ್ಧಗೊಳಿಸುವ ಸಾಧನವು ಬೇಗ ಕಾಯಲೆಂದು ಅದನ್ನು ಎಂಜಿನಿನ ಪಕ್ಕದಲ್ಲೇ ಇಡುವುದು ರೂಢಿ. ಪೆಟ್ರೋಲ್ ಟರ್ಬೋದ ಹೊಗೆ 900 ಡಿಗ್ರಿಯನ್ನೂ ಮೀರಬಲ್ಲದು. ಅದರ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಇಷ್ಟೆಲ್ಲ ಒಂದು ಇಕ್ಕಟ್ಟಾದ ಬಾನೆಟ್ಟಿನಡಿಯಲ್ಲಿ! ರಬ್ಬರು, ತಂತಿ, ಪ್ಲಾಸ್ಟಿಕ್ಕುಗಳನ್ನು ಕಾಯಲು ತಗಡಿನ ಮರೆಗಳಿವೆ. ತಳದ ಹೊದಿಕೆ ಗಾಳಿಗೆ ದಾರಿ ತೋರುತ್ತದೆ. ಥರ್ಮೋಸ್ಟಾಟ್ ನೀರಿನ ಕಾವನ್ನು ಹದದಲ್ಲಿಡುತ್ತದೆ.

ಇಲ್ಲಿಯೇ ಹಳೆಯ ಬಲ್ಲತನ ಹೊಸ ಯಂತ್ರಕ್ಕೆ ಮುಳುವಾಗುವ ಭಯ. ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು, ತಗಡನ್ನು ಅಡ್ಡಿಯೆಂದು ಬಿಚ್ಚುವುದು ಹಳೆಯ ಗ್ಯಾರೇಜಿನ ಮದ್ದುಗಳು. ಬಿಚ್ಚಿದ ತಗಡಿನ ಜಾಗದಲ್ಲಿ ಸೋರಿದ ಎಣ್ಣೆ ಕೆಂಡದಂಥ ಟರ್ಬೋವನ್ನು ಮುಟ್ಟಿದರೆ ಕಾರಿಗೆ ಬೆಂಕಿ ಹತ್ತುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಏರು ಹತ್ತಿದ ಕೂಡಲೆ ಎಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಂತು, ಅಚ್ಚಿನ ಬಳಿ ಉಳಿದದ್ದು ಕರಕಾಗಿ ಕೂಡುತ್ತದೆ. ಒಂದೆರಡು ನಿಮಿಷ ನಿಧಾನ ತಿರುಗಲು ಬಿಡುವುದು ಇಂದಿಗೂ ಒಳ್ಳೆಯ ರೂಢಿ.

ಆಲೆಮನೆಯಲ್ಲಿ ಬೆಲ್ಲದ ಹದ ಬಲ್ಲವನು ಬೆಂಕಿಯನ್ನು ದ್ವೇಷಿಸುವುದಿಲ್ಲ, ನಂಬಿ ಮೈಮರೆಯುವುದೂ ಇಲ್ಲ. ಎಷ್ಟು ಬಿಸಿ ಎಲ್ಲಿರಬೇಕೆಂಬ ಆ ವಿವೇಕವನ್ನೇ ಹೊಸ ಎಂಜಿನ್ ನಮ್ಮಿಂದ ಬೇಡುತ್ತಿದೆ.