ಬಿಳಿ ರಕ್ತಕಣಗಳು ಮತ್ತು ವೈರಾಣು ಉಸಿರಾಟದ ಸೋಂಕಿನ ತೀವ್ರತೆ

ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಇವುಗಳಲ್ಲಿ ನ್ಯೂಟ್ರೋಫಿಲ್‌ಗಳ ಪಾಲು ದೊಡ್ಡದು, ಲಿಂಫೋಸೈಟ್‌ಗಳು ಶೇ. 20–40ರಷ್ಟಿರುತ್ತವೆ. ವೈರಾಣು ಹೊಕ್ಕ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದು ಟಿ ಲಿಂಫೋಸೈಟ್‌ಗಳ ಕೆಲಸ. ಪ್ರತಿಕಾಯಗಳನ್ನು ತಯಾರಿಸುವುದು ಬಿ ಲಿಂಫೋಸೈಟ್‌ಗಳ ವಂಶದ ಕಣಗಳು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದಾಖಲಾಯಿತು. ಆ ಸಾಂಕ್ರಾಮಿಕದಲ್ಲಿ ತೀವ್ರವಾಗಿ ನರಳಿದವರ ರಕ್ತದಲ್ಲಿ ಲಿಂಫೋಸೈಟ್‌ಗಳು ಕುಸಿದು ನ್ಯೂಟ್ರೋಫಿಲ್‌ಗಳು ಏರಿದ್ದು ಜಗತ್ತಿನೆಲ್ಲೆಡೆ ಕಂಡುಬಂತು. ಸೋಂಕಿನಲ್ಲಿ ಕೆಲವು ಲಿಂಫೋಸೈಟ್‌ಗಳು ಸಾಯುತ್ತವೆ, ಇನ್ನು ಕೆಲವು ಶ್ವಾಸಕೋಶದತ್ತ ಸರಿಯುತ್ತವೆ. ಅತಿಯಾಗಿ ನುಗ್ಗಿದ ನ್ಯೂಟ್ರೋಫಿಲ್‌ಗಳು ಗಾಳಿಗೂಡುಗಳ ತೆಳುಗೋಡೆಗೇ ಹಾನಿ ಮಾಡುತ್ತವೆ. ಆದ್ದರಿಂದಲೇ ಲಿಂಫೋಸೈಟ್‌ಗಳಿಗೆ ಹೋಲಿಸಿದರೆ ನ್ಯೂಟ್ರೋಫಿಲ್‌ಗಳ ಅನುಪಾತ ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಎಚ್1ಎನ್1 ಜ್ವರದಲ್ಲೂ ಲಿಂಫೋಸೈಟ್ ಕುಸಿತ ಸಾಮಾನ್ಯ.

ಸಿಂಧನೂರು ತಾಲ್ಲೂಕಿನ ಗೊರೇಬಾಳದಂಥ ಊರಿನ ರೋಗಿಗೆ ಈ ಅನುಪಾತದ ಬೆಲೆ ದೊಡ್ಡದು. ಸಿ.ಟಿ. ಸ್ಕ್ಯಾನ್ ದೂರದ ಮಾತಾದರೂ ಸಿಬಿಸಿ ಎಂಬ ಅಗ್ಗದ ರಕ್ತಪರೀಕ್ಷೆಯ ಚೀಟಿಯಲ್ಲೇ ಈ ಅಂಕಿಗಳಿರುತ್ತವೆ. ಆದರೂ ಅಂಕಿಯೊಂದನ್ನೇ ನಂಬುವಂತಿಲ್ಲ. ಡೆಂಗಿ, ಟೈಫಾಯ್ಡ್‌ಗಳಲ್ಲೂ ಬಿಳಿ ಕಣಗಳು ಇಳಿಯುತ್ತವೆ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಟ್ಟ ಮೇಲೆ ನ್ಯೂಟ್ರೋಫಿಲ್ ಎಣಿಕೆ ತಾನಾಗಿ ಏರುತ್ತದೆ. ಪುಟ್ಟ ಮಕ್ಕಳಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸಹಜವಾದ್ದರಿಂದ ದೊಡ್ಡವರ ಅಳತೆ ಅವರಿಗೆ ಹೊಂದದು. ರಕ್ತದ ಆಮ್ಲಜನಕ ಪ್ರಮಾಣ ಶೇ. 94ಕ್ಕಿಂತ ಕೆಳಗಿಳಿದರೆ ಅಥವಾ ಉಸಿರಾಟ ವೇಗವಾದರೆ ಎಣಿಕೆ ಸರಿಯಿದ್ದರೂ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.