ಹಳ್ಳಿಯ ಪೀಪಾಯಿ, ಸರ್ಕಾರದ ಬೀಗ

ಏಪ್ರಿಲ್ ಮುಗಿಯುವ ಹೊತ್ತಿಗೆ ಲೋಣಾವಳಾ, ಖಂಡಾಳಾದ ರಸ್ತೆಬದಿಯಲ್ಲಿ ಎಲೆಯ ದೊನ್ನೆಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಕವಳೆ ಹಣ್ಣು. ಮಳೆ ಹತ್ತಿರವಾದಂತೆ ನೇರಳೆ. ಮಾರುವವರಲ್ಲಿ ಸುತ್ತಲಿನ ಠಾಕರ್, ಕಾತಕರಿ ಹೆಂಗಸರೂ ಇರುತ್ತಾರೆ. ಹುಳಿ, ಒಗರು, ಸಿಹಿ ಮೂರೂ ಇರುವ ಇಂಥ ಹಣ್ಣು ಇಂಗ್ಲೆಂಡಿನ ಹಿಯರ್‌ಫರ್ಡ್‌ಷೈರ್‌ನಲ್ಲಿ ಬೆಳೆದಿದ್ದರೆ, ಅದರ ರಸ ಪೀಪಾಯಿ ಸೇರಿ ಒಂದು ಹಳ್ಳಿಯ ಸ್ಪರ್ಧೆಗೂ ಹೋಗುತ್ತಿತ್ತು.

ಆ ಹಳ್ಳಿಯ ಹೆಸರು ಪಟ್ಲಿ. ಪ್ರತಿ ಮೇ ತಿಂಗಳ ಆರಂಭದಲ್ಲಿ, ತೋಟಗಳು ಹೂ ಬಿಟ್ಟಿರುವಾಗ, ಅಲ್ಲಿ ಸೈಡರ್ ಮತ್ತು ಪೆರಿ ತಯಾರಕರು ಸೇರುತ್ತಾರೆ. ಸೇಬಿನ ರಸ ಹುದುಗಿದರೆ ಸೈಡರ್, ಮರಸೇಬಿನದಾದರೆ ಪೆರಿ. ಪೆರಿಗೆ ಬಳಸುವ ಮರಸೇಬನ್ನು ಹಾಗೇ ತಿನ್ನಲಾಗದು, ಅಷ್ಟು ಒಗರು. ಈ ಸ್ಪರ್ಧೆಯ ವಿಶೇಷವೆಂದರೆ ತಯಾರಕರೇ ಒಬ್ಬರದನ್ನೊಬ್ಬರು ರುಚಿ ನೋಡಿ ಅಂಕ ಕೊಡುವುದು.

ಇದಕ್ಕೆ ಹಣ್ಣು ಮತ್ತು ಕೈಚಳಕ ಇದ್ದರೆ ಸಾಲದು, ಮನೆಯಲ್ಲಿ ಹುದುಗಿಸುವ ಹಕ್ಕೂ ಬೇಕು. ಆ ಹಕ್ಕು ಜಗಳವಾಡಿ ಪಡೆದದ್ದು. 1763ರಲ್ಲಿ ಪ್ರಧಾನಿ ಬ್ಯೂಟ್‌ನ ಸರ್ಕಾರ ಪ್ರತಿ ಹಾಗ್ಸ್‌ಹೆಡ್ ಸೈಡರಿಗೆ ನಾಲ್ಕು ಷಿಲಿಂಗ್ ತೆರಿಗೆ ಹಾಕಿತು. ರೈತರನ್ನು ಕೆರಳಿಸಿದ್ದು ಬರೀ ತೆರಿಗೆಯಲ್ಲ, ಅದನ್ನು ಅಳೆಯಲು ಅಬಕಾರಿ ನೌಕರ ಮನೆಯೊಳಗೆ ಬರಬಹುದೆಂಬ ಮಾತು. ಸೈಡರ್ ಸೀಮೆಯಲ್ಲೆಲ್ಲ ಪ್ರತಿಭಟನೆಗಳಾದವು. 1766ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ಹಿಂತೆಗೆದುಕೊಂಡಿತು. 1976ರಲ್ಲಿ ಸೈಡರ್ ಸುಂಕ ಮತ್ತೆ ಬಂದಾಗಲೂ ವರ್ಷಕ್ಕೆ 7,000 ಲೀಟರ್ ಮೀರದ ಸಣ್ಣ ತಯಾರಕರಿಗೆ ವಿನಾಯಿತಿ ಸಿಕ್ಕಿತು. ಪಟ್ಲಿಯಂಥ ಕೂಟಗಳು ಉಸಿರಾಡುವುದು ಈ ವಿನಾಯಿತಿಯಲ್ಲಿ.

ಅದೇ ಬ್ರಿಟಿಷರು ಸಹ್ಯಾದ್ರಿಯಲ್ಲಿ ಹಿಂದೆ ಸರಿಯಲಿಲ್ಲ. 1878ರ ಮುಂಬಯಿ ಅಬಕಾರಿ ಕಾಯಿದೆ ಕಳ್ಳು ಇಳಿಸುವ ಮರಕ್ಕೂ ಭಟ್ಟಿಗೂ ಪರವಾನಗಿ ಕಡ್ಡಾಯ ಮಾಡಿತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳೂ ಆಗ ಮುಂಬಯಿ ಪ್ರಾಂತ್ಯದವೇ. ನಮ್ಮ ಈಚಲು, ಬಗನಿ ಮರಗಳೂ ಲೆಕ್ಕದ ಪುಸ್ತಕ ಸೇರಿದವು. ಲೋಣಾವಳಾದಿಂದ ಬೋರ್ ಘಾಟ್ ಇಳಿದರೆ ಸಿಗುವ ಕೊಲಾಬಾ ಜಿಲ್ಲೆ, ಅದರಾಚೆಯ ಠಾಣೆ, ಎರಡಕ್ಕೂ 1892ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂತು. ಅದರ ಗುರಿ ಹಿಪ್ಪೆ ಹೂವು. ಪರವಾನಗಿ ಇಲ್ಲದೆ ಅದನ್ನು ಕೂಡಿಡುವುದು, ಮಾರುವುದು ಅಪರಾಧವಾಯಿತು. ಆದಿವಾಸಿಗಳಿಗೆ ಹಿಪ್ಪೆ ಬರೀ ಮದ್ಯವಲ್ಲ, ಬರಗಾಲದ ಊಟ ಕೂಡ.

ಕುಡಿತದ ಹಾನಿ ಸುಳ್ಳಲ್ಲ. ಭಟ್ಟಿ ಇಳಿಸಿದ ಹಿಪ್ಪೆ ಮದ್ಯ ಸೈಡರಿಗಿಂತ ಬಹಳ ಕಡುವಾದದ್ದು ಎಂಬುದೂ ನಿಜ. ಆದರೆ ಈ ಕಾಯಿದೆ ಕುಡಿತ ಬಿಡಿಸಲು ಬಂದದ್ದಲ್ಲ. ಉರಣ್‌ನ ದೊಡ್ಡ ಭಟ್ಟಿಗಳಲ್ಲಿ ಗುಜರಾತಿನ ಕಡೆಯಿಂದ ತಂದ ಹಿಪ್ಪೆ ಹೂವಿನದೇ ಮದ್ಯ ತಯಾರಾಗಿ, ಸುಂಕ ತೆತ್ತು, ಅಂಗಡಿಗಳಿಗೆ ಹೋಗುತ್ತಿತ್ತು. ಹೂವು ಅದೇ, ಮದ್ಯ ಅದೇ. ಗುಡಿಸಲಲ್ಲಿ ಆದರೆ ಕಳ್ಳತನ, ಗುತ್ತಿಗೆದಾರನ ಕೈಯಲ್ಲಿ ಆದರೆ ಆದಾಯ.

ಸ್ವಾತಂತ್ರ್ಯದ ನಂತರ 1949ರ ಮುಂಬಯಿ ಪಾನನಿರೋಧ ಕಾಯಿದೆ ಬಂತು. ಉದ್ದೇಶ ಬದಲಾಯಿತು, ಗುಡಿಸಲಿನ ಸ್ಥಿತಿ ಬದಲಾಗಲಿಲ್ಲ. ಕಳೆದ ದಶಕದಲ್ಲಿ ಪುಣೆಯಲ್ಲಿ ಶುರುವಾದ ಮೂನ್‌ಶೈನ್ ಮೀಡರಿ ಜೇನುತುಪ್ಪ ಹುದುಗಿಸಿ ಮೀಡ್ ತಯಾರಿಸುತ್ತದೆ; ಸೇಬು ಸೇರಿದ ಬಗೆಯೂ ಅದರಲ್ಲಿದೆ. ಪರವಾನಗಿ, ಬಂಡವಾಳ, ಕಾರ್ಖಾನೆ ಇದ್ದವರಿಗೆ ದಾರಿ ತೆರೆದಿದೆ.

ಸ್ಪರ್ಧೆ ನಡೆಯಬೇಕಾದರೆ ತಯಾರಕ ತನ್ನ ಹೆಸರು ಹೇಳಿ ಬಾಟಲಿಯನ್ನು ಮೇಜಿನ ಮೇಲಿಡಬೇಕು. ಪಟ್ಲಿಯ ರೈತ ಅದನ್ನು ಹೆಮ್ಮೆಯಿಂದ ಮಾಡುತ್ತಾನೆ. ಘಟ್ಟದ ಹಳ್ಳಿಗಳಲ್ಲಿ ಬಾಟಲಿಯನ್ನು ಬಚ್ಚಿಡುವುದನ್ನು ಕಲಿಸಿ ನೂರು ವರ್ಷ ದಾಟಿದೆ. ಬಚ್ಚಿಟ್ಟ ವಿದ್ಯೆಗೆ ಬಹುಮಾನವಿಲ್ಲ; ಯಾರದು ಚೆನ್ನಾಗಿದೆ, ಯಾರದು ವಿಷ ಎಂದು ಹೇಳುವ ನೆರೆಯವರೂ ಇಲ್ಲ. ಕವಳೆ, ನೇರಳೆ ಮಾತ್ರ ದೊನ್ನೆಯಲ್ಲೇ ಉಳಿದಿವೆ.